ನೀರನ್ನು ಬಿಡಲಾಗಿದೆ

ಜಂಬುನಾಥನ ಮನೆಯಲ್ಲಿ ತಾವಾಗಿಯೇ ನಡೆಯುವ ವಸ್ತುಗಳು ಬಹಳ ಇದ್ದವು. ಹೇಳಿದಂತೆ ನಡೆಯುವ ವಸ್ತು ಮಾತ್ರ ಒಂದೂ ಇರಲಿಲ್ಲ.

ತೋರಣಗಲ್ಲಿನ ಕಾರ್ಖಾನೆಯೊಂದರ ಕಂಪ್ಯೂಟರ್ ವಿಭಾಗದಲ್ಲಿ ಅವನಿಗೆ ಕೆಲಸ. ಬೆಳಿಗ್ಗೆ ಹೊಸಪೇಟೆಯಲ್ಲಿ ಕಂಪನಿ ಬಸ್ಸು ಹತ್ತಿದರೆ ಸಂಜೆಯವರೆಗೆ ಮಂದಿ ಮರೆತ ಪಾಸ್‌ವರ್ಡುಗಳನ್ನು ಬದಲಿಸಿಕೊಡುವುದು, ಪ್ರಿಂಟರಿನ ಗಂಟಲಲ್ಲಿ ಸಿಕ್ಕಿಕೊಂಡ ಕಾಗದವನ್ನು ಎಳೆದು ತೆಗೆಯುವುದು. ಅಲ್ಲಿ ಅವನ ಹೆಸರೇ ಪ್ರಿಂಟರ್ ಜಂಬಣ್ಣ. ಹಗಲೆಲ್ಲ ಹೀಗೆ ಕರೆಸಿಕೊಂಡ ಮನುಷ್ಯ ಸಂಜೆ ಮನೆಗೆ ಬಂದು ವಿಜ್ಞಾನಿಯಾಗದೆ ಇನ್ನೇನಾದಾನು? ಚಹಾ ಕುಡಿದು ಲೋಟ ಕೆಳಗಿಟ್ಟವನೇ ಬೆಸುಗೆ ಕಡ್ಡಿ ಹಿಡಿದು ಕೂತುಬಿಡುತ್ತಿದ್ದ. ಹಾಲು ಉಕ್ಕುವ ಮೊದಲು ಕೂಗಬೇಕಾದ ಯಂತ್ರವೊಂದನ್ನು ಮಾಡಿದ. ಅದು ಹಾಲು ಉಕ್ಕಿ, ಒಲೆ ಆರಿ, ಹೆಂಡತಿ ಭವ್ಯ ಕಟ್ಟೆ ಒರೆಸಿ ಮುಗಿಸಿದ ಮೇಲೆ ಕೂಗುತ್ತಿತ್ತು. ಚಪ್ಪಾಳೆ ತಟ್ಟಿದರೆ ಹತ್ತುವ, ಇನ್ನೊಮ್ಮೆ ತಟ್ಟಿದರೆ ಆರುವ ದೀಪವನ್ನು ಅಡುಗೆಮನೆಗೆ ಹಾಕಿದ. ಯಾವ ದೇಶದಲ್ಲಿ ಈ ದೀಪವನ್ನು ಕಂಡುಹಿಡಿದರೋ, ಆ ದೇಶದಲ್ಲಿ ಜೋಳದ ರೊಟ್ಟಿ ಇಲ್ಲವೆಂದು ಕಾಣುತ್ತದೆ. ಭವ್ಯ ಕೂತು ರೊಟ್ಟಿ ಬಡಿಯತೊಡಗಿದ್ದೇ ತಡ, ಒಂದೊಂದು ಪೆಟ್ಟಿಗೂ ದೀಪ ಹತ್ತಿತು, ಆರಿತು, ಹತ್ತಿತು, ಆರಿತು. ಎದುರು ಮನೆಯ ದುರ್ಗಕ್ಕ ಕಿಟಕಿಯಲ್ಲಿ ಇದನ್ನು ಕಂಡು, ಕರೆಂಟಿನ ವೈರಿಗೆ ಬೆಂಕಿ ಬಿದ್ದಿದೆಯೆಂದು ಒಂದು ಬುಟ್ಟಿ ಮರಳು ಹೊತ್ತು ಓಡಿ ಬಂದು ಸುರಿದೇಬಿಟ್ಟಳು. ಮರಳು ಬಿದ್ದದ್ದು ವೈರಿನ ಮೇಲಲ್ಲ, ನಾದಿಟ್ಟ ಹಿಟ್ಟಿನ ಮೇಲೆ.

ಇಂಥವನು ನೀರಿಗೆ ಕೈ ಹಾಕಿದ್ದು ಕಳೆದ ಮಳೆಗಾಲದಲ್ಲಿ.

ಜೋಡಿಗುಂಡು ಬಡಾವಣೆ ಹೊಸಪೇಟೆಯ ಅಂಚಿನಲ್ಲಿದೆ. ಎರಡು ದೊಡ್ಡ ಬಂಡೆಗಳ ಬುಡದಲ್ಲಿ ಹುಟ್ಟಿ ಇಳಿಜಾರಾಗಿ ಬರುವ ಒಂದೇ ಉದ್ದನೆಯ ಬೀದಿ. ಮಾಳಿಗೆ ಹತ್ತಿ ನಿಂತರೆ ಡ್ಯಾಮಿನ ನೀರು ಬೆಳ್ಳಗೆ ಹೊಳೆಯುವುದು ಕಾಣುತ್ತಿತ್ತು. ಆದರೆ ಕಾಣುವ ನೀರು ಬೇರೆ, ನಲ್ಲಿಯ ನೀರು ಬೇರೆ. ನಲ್ಲಿಯ ನೀರು ಅಳಿಯನ ಹಾಗೆ: ಬರುತ್ತೇನೆ ಎನ್ನುವ ದಿನ ಬರುವುದಿಲ್ಲ, ಬಂದ ದಿನ ಮನೆಯಲ್ಲಿ ಯಾರೂ ಇರುವುದಿಲ್ಲ. ಹೀಗಾಗಿ ಬೀದಿಯ ಹೆಂಗಸರೆಲ್ಲ ಒಂದು ಕಿವಿಯನ್ನು ಸದಾ ನಲ್ಲಿಯ ಕಡೆ ಇಟ್ಟುಕೊಂಡೇ ಬದುಕುತ್ತಿದ್ದರು.

ಜಂಬುನಾಥ ತನ್ನ ಮನೆಯ ನೀರಿನ ಸಂಪಿನೊಳಕ್ಕೆ ಬರುವ ಪೈಪಿನೊಳಗೆ ಒಂದು ಪುಟ್ಟ ಪ್ಲಾಸ್ಟಿಕ್ ಚಕ್ರ ಕೂರಿಸಿದ. ನೀರು ಬಂದರೆ ಚಕ್ರ ತಿರುಗಬೇಕು, ತಿರುಗಿದರೆ ಮಾಳಿಗೆಯ ಮೇಲಿನ ಹಾರ್ನು ಕೂಗಬೇಕು. ಹಾರ್ನು ಮೊದಲು ಟೊಮೇಟೊ ಮಾರುವ ಆಟೋದಲ್ಲಿತ್ತು, ಹಾಗಾಗಿ ದನಿಗೇನೂ ಕೊರತೆಯಿರಲಿಲ್ಲ. ಉಳಿದದ್ದು ಏನೆಂದು ಕೂಗಬೇಕು ಎಂಬುದು. ಭವ್ಯ ಶಾಲೆಯಲ್ಲಿ ವಿಜ್ಞಾನ ಹೇಳುವವಳು, ಎಲ್ಲವನ್ನೂ ಚಿಕ್ಕದಾಗಿ ಹೇಳಿ ರೂಢಿ.

“ನೀರ್ ಬಂತು ಅಂದ್ರ ಸಾಕಾಗಂಗಿಲ್ಲೇನ್ರಿ?” ಎಂದಳು.

ಜಂಬುನಾಥನಿಗೆ ಅದರಲ್ಲಿ ತೂಕ ಕಾಣಲಿಲ್ಲ. ಕಾರ್ಖಾನೆಯ ಗೋಡೆಗಳ ಮೇಲೆ ಹೆಲ್ಮೆಟ್ ಧರಿಸತಕ್ಕದ್ದು, ಕ್ರಮ ಕೈಗೊಳ್ಳಲಾಗುವುದು ಎಂದೆಲ್ಲ ಓದಿ ಓದಿ ಅವನ ಕನ್ನಡಕ್ಕೂ ಸಮವಸ್ತ್ರ ಬಂದುಬಿಟ್ಟಿತ್ತು. ಬಾಗಿಲು ಹಾಕಿಕೊಂಡು, ಗಂಟಲು ಸರಿ ಮಾಡಿಕೊಂಡು, ತನ್ನದೇ ದನಿಯಲ್ಲಿ ರೆಕಾರ್ಡು ಮಾಡಿದ: “ಸನ್ಮಾನ್ಯ ನಾಗರಿಕರ ಗಮನಕ್ಕೆ. ನಮ್ಮ ಬೀದಿಗೆ ನೀರನ್ನು ಬಿಡಲಾಗಿದೆ.”

ಎಲ್ಲ ಅನಾಹುತಕ್ಕೂ ಕಾರಣ ಆ ಕೊನೆಯ ಪದ. ಕನ್ನಡದಲ್ಲಿ ಈ ಕರ್ಮಣಿ ಪ್ರಯೋಗ ಎಂಬುದೊಂದಿದೆ. ಅದರಲ್ಲಿ ಕೆಲಸ ಆಗಿರುತ್ತದೆ, ಮಾಡಿದವನು ಮಾತ್ರ ಸಿಗುವುದಿಲ್ಲ. ಸರ್ಕಾರಿ ಕಚೇರಿಗೆ ಇದು ಬಹಳ ಅನುಕೂಲ. ಆದರೆ ಬೀದಿಯ ಮಂದಿಗೆ ಮಾಡಿದವನು ಯಾರೆಂದು ಗೊತ್ತಾಗದೆ ಅನ್ನ ಇಳಿಯುವುದಿಲ್ಲ. ದನಿ ಜಂಬುನಾಥನದು, ಹಾರ್ನು ಜಂಬುನಾಥನದು, ಮಾಳಿಗೆ ಜಂಬುನಾಥನದು. ನೀರನ್ನು ಬಿಡಲಾಗಿದೆ. ಹಾಗಾದರೆ ಬಿಟ್ಟವನು ಯಾರು?

ಹಾರ್ನು ಮೊದಲ ಸಲ ಕೂಗಿದ ದಿನ ಬೀದಿಗೆ ಬೀದಿಯೇ ಕೊಡ ತುಂಬಿಕೊಂಡಿತು. ಒಂದು ಹನಿ ಯಾರಿಗೂ ತಪ್ಪಲಿಲ್ಲ. ಸಂಜೆ ದುರ್ಗಕ್ಕ ಒಗ್ಗರಣೆ ಮಂಡಕ್ಕಿ, ಬಿಸಿ ಮಿರ್ಚಿ ತಟ್ಟೆಯಲ್ಲಿಟ್ಟುಕೊಂಡು ಬಂದಳು. ಅವಳದು ಬೀದಿ ಬಾಯಿಯಲ್ಲೇ ಖಾನಾವಳಿ. ಗಂಡ ತೀರಿಕೊಂಡ ಮೇಲೆ ರೊಟ್ಟಿ ಬಡಿದೇ ಮನೆ ಕಟ್ಟಿಸಿದವಳು, ಮಗಳನ್ನು ಓದಿಸಿದವಳು. ಅವಳ ತೋಳು ನೋಡಿದರೆ ಎರಡನೆಯ ಸಲ ಸಾಲ ಕೇಳುವ ಗಿರಾಕಿ ಇರಲಿಲ್ಲ.

“ತಮ್ಮಾ, ನಾಳಿಗೆ ಒಂದೀಟು ಜಲ್ದಿ ಬಿಡು. ಖಾನಾವಳಿಗೆ ಮಂದಿ ಭಾಳ ಅದಾರ,” ಎಂದಳು.

ಜಂಬುನಾಥನ ಬಾಯಲ್ಲಿ ಇಡೀ ಮಿರ್ಚಿ ಇತ್ತು. ಏನು ಬಿಡಬೇಕೆಂದು ತಿಳಿಯದಿದ್ದರೂ, ಖಾರಕ್ಕೆ ಕಣ್ಣಲ್ಲಿ ನೀರು ಬಂದು ತಲೆ ತಾನಾಗಿ ಅಲ್ಲಾಡಿತು. ಮರುದಿನ ನೀರು ಬರುವ ದಿನವೇ ಅಲ್ಲ. ಆದರೆ ನೀರು ಬಿಡುವ ಗಾದಿಲಿಂಗಪ್ಪನಿಗೆ ಅದರ ಮಾರನೆಯ ದಿನ ಯಾರದೋ ಗೃಹಪ್ರವೇಶದ ಊಟವಿತ್ತು. ಊಟ ತಪ್ಪಬಾರದೆಂದು ಅವನು ಒಂದು ದಿನ ಮುಂಚೆಯೇ, ಹೊತ್ತು ಹುಟ್ಟುವಾಗಲೇ ವಾಲ್ವ್ ತಿರುಗಿಸಿದ. ಹಾರ್ನು ಕೂಗಿತು. ದುರ್ಗಕ್ಕ ಬೀದಿಯಲ್ಲಿ ನಿಂತು ಮಾಳಿಗೆಯ ಕಡೆ ಕೈ ಮುಗಿದಳು. ಜಂಬುನಾಥನ ಕೀರ್ತಿ ಅಂದಿನಿಂದ ಶುರುವಾಯಿತು.

ನ್ಯಾಯವಾಗಿ ಹೇಳಬೇಕೆಂದರೆ, ಅವನು ಇದನ್ನು ಅಲ್ಲಗಳೆದು ನೋಡಿದ. ನಾನು ನೀರು ಬಿಡುವುದಿಲ್ಲ, ಬಂದದ್ದನ್ನು ಸೆನ್ಸರು ಹಿಡಿಯುತ್ತದೆ, ಅದು ಬೋರ್ಡಿಗೆ ಹೇಳುತ್ತದೆ, ಬೋರ್ಡು ಹಾರ್ನಿಗೆ ಹೇಳುತ್ತದೆ ಎಂದು ಕಂಡಕಂಡವರಿಗೆ ವಿವರಿಸಿದ. ಕೇಳಿದವರು ಗಂಭೀರವಾಗಿ ತಲೆದೂಗಿ, ಇಷ್ಟೆಲ್ಲ ತಿಳಿದವನು ಬಿಡದೆ ಇನ್ಯಾರು ಬಿಟ್ಟಾರು ಎಂದು ಹೋದರು. ಆಮೇಲಾಮೇಲೆ ಅವನು ವಿವರಿಸುವುದನ್ನು ಕಡಿಮೆ ಮಾಡಿದ. ಹಗಲೆಲ್ಲ ಪ್ರಿಂಟರ್ ಜಂಬಣ್ಣ ಎನಿಸಿಕೊಂಡು ಬಂದವನಿಗೆ ಬಸ್ಸಿಳಿದ ಕೂಡಲೇ ನಮಸ್ಕಾರ ಸಿಗತೊಡಗಿತ್ತು. ಹೂವಿನವಳು ಮೊಳಕ್ಕೆ ಗೇಣು ಹೆಚ್ಚು ಹಾಕುತ್ತಿದ್ದಳು. ಇದನ್ನೆಲ್ಲ ಒದ್ದು ಹೋಗಲು ಅವನೇನು ಸನ್ಯಾಸಿಯೇ?

ಒಂದು ಭಾನುವಾರ ಗಾದಿಲಿಂಗಪ್ಪನೇ ಮೊಪೆಡ್ಡಿನ ಮೇಲೆ ಬಂದ. ಹಿಂದೆ ಕಟ್ಟಿದ್ದ, ವಾಲ್ವ್ ತಿರುಗಿಸುವ ಆಳೆತ್ತರದ ಕಬ್ಬಿಣದ ಚಾವಿ ಗೇಟಿಗೆ ಬಡಿದು ಠಣ್ ಎಂದಾಗ ಜಂಬುನಾಥನ ಎದೆಯೂ ಹಾಗೇ ಅಂದಿತು. ಹೊಟ್ಟೆಯ ಮೇಲೆ ಹೊಡೆದೆಯೆಂದು ಜಗಳಕ್ಕೆ ಬಂದಿದ್ದಾನೆಂದುಕೊಂಡ. ಗಾದಿಲಿಂಗಪ್ಪನ ಮುಖ ನೋಡಿದರೆ ತವರಿಗೆ ಹೊರಟ ಹೊಸ ಸೊಸೆಯ ಹಾಗೆ ಅರಳಿತ್ತು. ಈಗ ದಾರಿಯಲ್ಲಿ ಯಾರೂ ತನ್ನ ಗಾಡಿ ಅಡ್ಡಗಟ್ಟುವುದಿಲ್ಲವಂತೆ. ಯಾರಾದರೂ ನೀರೆಲ್ಲಿ ಎಂದರೆ, ಎಲ್ಲ ಕಂಪ್ಯೂಟರ್ ಆಗಿದೆ, ಜಂಬುನಾಥ ಸಾಹೇಬರನ್ನು ಕೇಳಿರಿ ಎಂದುಬಿಡುತ್ತಾನಂತೆ.

ಜಂಬುನಾಥ ಗಾಬರಿಯಾಗಿ, ಅದು ಸುಳ್ಳು, ನಾಳೆಯೇ ಎಲ್ಲರಿಗೂ ಹೇಳುತ್ತೇನೆ ಎಂದ.

“ಸಾಹೇಬ್ರ, ಹಂಗ ಮಾಡಬ್ಯಾಡ್ರಿ. ಇಷ್ಟು ವರ್ಷ ಈ ಬೀದಿ ಮಂದಿ ಬೈಗಳ ತಿಂದು ನನ್ನ ಹೊಟ್ಟಿ ತುಂಬೇತಿ. ಇನ್ನ ಒಂದೀಟು ನೀವೂ ತಿನ್ರಿ,” ಎಂದು ಗಾದಿಲಿಂಗಪ್ಪ ಕೈ ಮುಗಿದು, ಚಹಾ ಕುಡಿದು ಹೋದ.

ಸುದ್ದಿ ಕಂಪ್ಲಿಗೂ ಮುಟ್ಟಿತು. ಅಲ್ಲಿಂದ ಅತ್ತೆ ಹಂಪಮ್ಮ ಫೋನು ಮಾಡಿ, ಕಂಡವರಿಗೆಲ್ಲ ನೀರು ಬಿಡುವ ಅಳಿಯಂದಿರು ತನ್ನ ಬಾಳೆ ತೋಟದ ಕಾಲುವೆಗೆ ಒಂದು ಸರ್ತಿ ಬಿಡಬಾರದೇ ಎಂದು ಕೇಳಿದಳು. ಅತ್ತೆಯ ಮುಂದೆ ಇಲ್ಲ ಎನ್ನುವ ಅಳಿಯ ಈ ಸೀಮೆಯಲ್ಲಿ ಹುಟ್ಟಿಲ್ಲ. ನೋಡೋಣ ಅತ್ತಿ ಎಂದು ಫೋನಿಟ್ಟ. ಆ ವಾರವೇ ಕಾಲುವೆಗೆ ನೀರು ಬಂತು, ಅದು ಬರುವ ಕಾಲವೂ ಆಗಿತ್ತು. ಕಂಪ್ಲಿ ಬಸ್ಸಿನ ಮೇಲೆ ಒಂದು ಬಾಳೆಗೊನೆ ಹೊಸಪೇಟೆಗೆ ಇಳಿಯಿತು. ಗೊನೆ ಹೊತ್ತ ಜಂಬುನಾಥ ಇಡೀ ಬೀದಿ ದಾಟಿ ಮನೆ ಸೇರಿದ. ಇಡೀ ಬೀದಿ ಗೊನೆಯನ್ನು ನೋಡಿತು.

ಎಲ್ಲರಿಗಿಂತ ಹೆಚ್ಚು ನೋಡಿದವರು ಕೊಟ್ರಯ್ಯ ಮಾಸ್ತರು. ನಿವೃತ್ತ ಹೆಡ್ ಮಾಸ್ತರು, ಮನೆ ಬೀದಿಯ ತುತ್ತತುದಿಯಲ್ಲಿ, ಬಂಡೆಯ ಬುಡಕ್ಕೆ. ಅಷ್ಟು ಎತ್ತರಕ್ಕೆ ನೀರು ಎಂದೂ ಹತ್ತಿದ್ದಿಲ್ಲ. ಅವರ ನಲ್ಲಿ ಹಾವಿನ ಹಾಗೆ ಬುಸುಗುಟ್ಟಿ ಸುಮ್ಮನಾಗುತ್ತಿತ್ತು. ಮಾಸ್ತರು ಎರಡು ಸಲ ಬಂದು, ತಮ್ಮ ಮನೆಯತನಕ ಜೋರು ಮಾಡಬೇಕೆಂದು ಕೇಳಿ, ನೋಡ್ತೀನಿ ಸರ್ ಎಂಬ ಮಾತು ತೆಗೆದುಕೊಂಡು ಹೋಗಿದ್ದರು. ಈಗ ಗೊನೆ ಕಂಡ ಮೇಲೆ ಅವರಿಗೆ ಲೆಕ್ಕ ಬಿಡಿಸಿದಂತಾಯಿತು. ತಮ್ಮ ಪಾಲಿನ ನೀರು ಹೋಗುತ್ತಿದ್ದದ್ದು ಕಂಪ್ಲಿಗೆ.

ಇಷ್ಟರಲ್ಲಿ ದುರ್ಗಕ್ಕನ ಮಗಳಿಗೆ ಗಂಡು ಗೊತ್ತಾಯಿತು. ಸಂಡೂರಿನವರು, ಹುಡುಗ ಗಣಿಯಲ್ಲಿ ಡಂಪರ್ ಓಡಿಸುತ್ತಿದ್ದ. ನಿಶ್ಚಿತಾರ್ಥ ಹೆಣ್ಣಿನ ಮನೆಯಲ್ಲೇ ಎಂದಾಯಿತು. ಊರಿಗೆಲ್ಲ ಊಟ ಹಾಕುವವಳು ಮಗಳ ಕಾರ್ಯಕ್ಕೆ ಹೊರಗಿಂದ ಅಡುಗೆ ತರಿಸುತ್ತಾಳೆಯೇ? ಹೋಳಿಗೆಯಿಂದ ಹಿಡಿದು ಎಣ್ಣೆಗಾಯಿವರೆಗೆ ತಾನೇ ಮಾಡುವೆನೆಂದಳು. ನೀರು ಬರುವ ದಿನ ನೋಡಿಯೇ ಮುಹೂರ್ತ ಇಟ್ಟಳು. ಭರವಸೆಗೆ ಜಂಬುನಾಥನ ಮನೆಗೂ ಬಂದು, ಆ ದಿನ ಒಂದು ತಪ್ಪಿಸಬ್ಯಾಡ ತಮ್ಮಾ ಎಂದಳು. ಜಂಬುನಾಥ ಬಾಯಿ ತೆರೆದ. ಎದುರಿಗೆ ಕುಂಕುಮ ಹಿಡಿದು ನಿಂತಿದ್ದ ದುರ್ಗಕ್ಕನ ಮುಖ ನೋಡಿ ಬಾಯಿ ಮುಚ್ಚಿದ.

ನಿಶ್ಚಿತಾರ್ಥದ ದಿನ ಬೆಳಗಾಯಿತು. ಹಾರ್ನು ಕೂಗಲಿಲ್ಲ. ಬಿಸಿಲೇರಿತು, ಆಗಲೂ ಇಲ್ಲ. ದುರ್ಗಕ್ಕನ ಹಿತ್ತಿಲಲ್ಲಿ ತೊಳೆಯದ ಬದನೆಕಾಯಿ ರಾಶಿ, ನೆನೆಯದ ಬೇಳೆ, ಖಾಲಿ ಹಂಡೆ. ಸಂಡೂರಿನವರು ಟೆಂಪೊ ಹತ್ತಿದ್ದೇವೆಂದು ಫೋನು ಮಾಡಿದರು. ಸ್ವಲ್ಪ ಹೊತ್ತಿಗೆ ಖಾಲಿ ಕೊಡಗಳ ದೊಡ್ಡದೊಂದು ಮೆರವಣಿಗೆ ಜಂಬುನಾಥನ ಗೇಟಿಗೆ ಬಂದು ನಿಂತಿತು. ಅವನು ಅವತ್ತು ರಜೆ ಹಾಕಿ, ಹೊಸ ಅಂಗಿ ತೊಟ್ಟು, ಎಲೆಗೆ ಕೂರುವುದಕ್ಕೆ ಸಿದ್ಧನಾಗಿದ್ದ.

ಕೆಳಬೀದಿಯವರು ಮೇಲಿನವರಿಗೆ ಬಿಟ್ಟಿದ್ದೀಯೆಂದರು, ಮೇಲಿನವರು ಕೆಳಗಿನವರಿಗೆ ಬಿಟ್ಟಿದ್ದೀಯೆಂದರು. ಮಾಸ್ತರು ಮುಂದೆ ಬಂದು, ಇಬ್ಬರಿಗೂ ಬಿಟ್ಟಿಲ್ಲ, ನೀರು ಎಲ್ಲಿದೆಯೆಂದು ಬಾಳೆಹಣ್ಣನ್ನು ಕೇಳಿರಿ ಎಂದರು. ಗೊನೆಯ ಸಂಗತಿ ಬಾಯಿಂದ ಬಾಯಿಗೆ ಹಾಯ್ದು, ಹಿಂದೆ ನಿಂತವರಿಗೆ ಮುಟ್ಟುವ ಹೊತ್ತಿಗೆ ಜಂಬುನಾಥ ಕಂಪ್ಲಿಯಲ್ಲಿ ತೋಟವನ್ನೇ ಕೊಂಡಿದ್ದ.

ಆಗ ಅವನು ಮೆಟ್ಟಿಲ ಮೇಲೆ ನಿಂತು, ಇಷ್ಟು ದಿನ ಗಟ್ಟಿಯಾಗಿ ಹೇಳದೆ ಬಿಟ್ಟ ಮಾತನ್ನು ಹೇಳಿದ.

“ನನ್ನ ಮಾತು ಕೇಳ್ರಿ. ನಾನು ಒಂದು ದಿನನೂ ನೀರು ಬಿಟ್ಟಿಲ್ಲ. ನನಗ ನೀರು ಬಿಡಾಕ ಬರಂಗೂ ಇಲ್ಲ. ದೇವರಾಣೆ ಐತಿ.”

ಆ ಕ್ಷಣಕ್ಕೆ ಸರಿಯಾಗಿ ಪೈಪಿನಲ್ಲಿ ಎಲ್ಲಿಂದಲೋ ಒಂದಿಷ್ಟು ಬರೀ ಗಾಳಿ ನುಗ್ಗಿತು. ಗಾಳಿಯೋ ನೀರೋ ಎಂಬ ಭೇದ ಪ್ಲಾಸ್ಟಿಕ್ ಚಕ್ರಕ್ಕಿಲ್ಲ. ತಿರುಗಿತು. ಮಾಳಿಗೆಯ ಮೇಲಿಂದ ಅವನದೇ ದನಿ, ಅವನಿಗಿಂತ ಹತ್ತು ಪಟ್ಟು ಗಟ್ಟಿಯಾಗಿ, ಹತ್ತು ಪಟ್ಟು ನಂಬುವಂತೆ ಮೊಳಗಿತು: “ಸನ್ಮಾನ್ಯ ನಾಗರಿಕರ ಗಮನಕ್ಕೆ. ನಮ್ಮ ಬೀದಿಗೆ ನೀರನ್ನು ಬಿಡಲಾಗಿದೆ.”

ಮಂದಿ ನಲ್ಲಿಗಳ ಕಡೆ ಓಡಿದರು. ನಲ್ಲಿಗಳು ಬುಸ್ ಎಂದವು. ಮಂದಿ ತಿರುಗಿ ಬಂದರು. ಈ ಸಲ ಅವರ ಮುಖಗಳೂ ಬುಸ್ ಎನ್ನುತ್ತಿದ್ದವು. ಜಂಬುನಾಥ ಇನ್ನೊಮ್ಮೆ ಆಣೆ ಇಟ್ಟ. ಹಾರ್ನು ಇನ್ನೊಮ್ಮೆ ಕೂಗಿತು. ಹೀಗೆ ಅವನಿಗೂ ಅವನ ದನಿಗೂ ಒಂದಷ್ಟು ಹೊತ್ತು ವಾದ ನಡೆದು, ದನಿಯೇ ಗೆಲ್ಲುವ ಹಾಗೆ ಕಂಡಾಗ ಭವ್ಯ ಮಾಳಿಗೆ ಹತ್ತಿ ವೈರು ಕಿತ್ತಳು.

ಅಷ್ಟರಲ್ಲಿ ಒಂದು ಜೀಪು ಬಂದು ನಿಂತಿತು. ನೀರಿನ ಆಫೀಸಿನ ಎಂಜಿನಿಯರ್ ಸಿದ್ದಲಿಂಗೇಶ್ ಇಳಿದರು. ಒಬ್ಬ ಖಾಸಗಿ ವ್ಯಕ್ತಿ ಕಂಪ್ಯೂಟರಿನ ಮೂಲಕ ಊರ ನೀರನ್ನು ಹ್ಯಾಕ್ ಮಾಡಿ ಕಂಪ್ಲಿಗೆ ಸಾಗಿಸುತ್ತಿದ್ದಾನೆಂದು ಮಾಸ್ತರು ಫೋನು ಮಾಡಿದ್ದರು. ಎಂಜಿನಿಯರು ಸಂಪು ನೋಡಿದರು, ಚಕ್ರ ನೋಡಿದರು, ಹಾರ್ನು ನೋಡಿದರು. ಆಮೇಲೆ ನಿಧಾನವಾಗಿ ಕನ್ನಡಕ ಒರೆಸಿಕೊಂಡರು.

“ಹ್ಯಾಕ್ ಮಾಡಾಕ ಒಂದು ಸಿಸ್ಟಮ್ ಇರಬೇಕಲ್ರಿ. ನಮ್ಮ ಸಿಸ್ಟಮ್ ಅಂದ್ರ ಗಾದಿಲಿಂಗಪ್ಪ, ಅವನ ಕೈಯಾಗ ಒಂದು ಕಬ್ಬಿಣದ ಚಾವಿ. ಈ ಎರಡನ್ನೂ ಹ್ಯಾಕ್ ಮಾಡೋ ಮನಿಶಾ ಇನ್ನೂ ಹುಟ್ಟಿಲ್ಲ.”

ಈ ಮನುಷ್ಯನಿಗೂ ನೀರಿಗೂ ಸಂಬಂಧವಿಲ್ಲ ಎಂದು ಅವರು ಎಲ್ಲರಿಗೂ ಕೇಳುವಂತೆ ಸಾರಿದರು. ಜಂಬುನಾಥನಿಗೆ ಹೋದ ಜೀವ ಬಂತು. ಆದರೆ ಸಂಬಂಧವಿಲ್ಲ ಎಂದು ಅಧಿಕಾರಿಯೇ ಬಂದು ಹೇಳಿದ ಮೇಲೆ ಮಂದಿಗೆ ಇದ್ದಬಿದ್ದ ಸಂಶಯವೂ ಹೋಯಿತು. ಎಂಜಿನಿಯರಿಗೂ ಒಂದು ಗೊನೆ ಮುಟ್ಟಿದೆ ಎಂದು ಯಾರೋ ಹಿಂದಿನಿಂದ ಹೇಳಿದರು.

ಇಷ್ಟೆಲ್ಲ ನಡೆಯುವಾಗ ಗಾದಿಲಿಂಗಪ್ಪ ಎಲ್ಲಿದ್ದ? ದುರ್ಗಕ್ಕನ ಚಪ್ಪರದಲ್ಲಿ, ಕುರ್ಚಿಗಳ ಹಿಂದೆ, ಹಿಂದಿನ ದಿನ ಮಾಡಿಟ್ಟ ಕರಜಿಕಾಯಿ ತಿನ್ನುತ್ತಿದ್ದ. ಎಂಜಿನಿಯರು ಕರೆಸಿ ಕೇಳಿದಾಗ ತುಟಿಗಂಟಿದ ಸಕ್ಕರೆ ಒರೆಸಿಕೊಂಡು ನಿಜ ಹೇಳಿದ. ವಾಲ್ವ್ ತುಕ್ಕು ಹಿಡಿದು ಜಾಮಾಗಿದೆ, ಬೆಳಿಗ್ಗೆ ಎಷ್ಟು ತಿಣುಕಿದರೂ ತಿರುಗಲಿಲ್ಲ. ಯಾರಿಗೂ ಏಕೆ ತಿಳಿಸಲಿಲ್ಲವೆಂದರೆ, ಮಂದಿಯೆಲ್ಲ ಹೇಗೂ ಸಾಹೇಬರ ಮನೆಗೆ ಹೋಗುತ್ತಾರೆ, ತನಗೇಕೆ ಅಧಿಕಪ್ರಸಂಗ ಎನಿಸಿತಂತೆ.

ಎಲ್ಲರೂ ಬೀದಿ ಬಾಯಿಯ ವಾಲ್ವಿನ ಗುಂಡಿಗೆ ನಡೆದರು. ಗಾದಿಲಿಂಗಪ್ಪ ಚಾವಿ ಇಳಿಸಿ ಮೇಲಿನ ಅಡ್ಡಪಟ್ಟಿ ಹಿಡಿದು ತಳ್ಳಿದ. ಅಲುಗಲಿಲ್ಲ. ಎಂಜಿನಿಯರು ತೋಳು ಮಡಚಿ ಕೈ ಹಚ್ಚಿದರು. ಅವರ ಅಂಗಿಯ ಗುಂಡಿಯೊಂದು ಹಾರಿತು, ವಾಲ್ವ್ ಹಾಗೇ ಇತ್ತು. ಜಂಬುನಾಥನಿಗೆ ಆ ಹೊತ್ತಿಗೆ ಪ್ರಾಣದ ಮೇಲಿನ ಆಸೆಯೇ ಹೋಗಿತ್ತು. ಹೊಸ ಅಂಗಿಯಲ್ಲೇ ಓಡಿ ಬಂದು ಅಡ್ಡಪಟ್ಟಿಯ ಇನ್ನೊಂದು ತುದಿಗೆ ಜೋತುಬಿದ್ದ. ಕಾಲು ನೆಲ ಬಿಟ್ಟವು. ಚಾವಿಯ ಮೇಲೆ ಬಾವಲಿಯ ಹಾಗೆ ತೂಗುತ್ತಿದ್ದ ಅವನನ್ನು ಕಂಡು ಬೀದಿಗೆ ಮೊದಲ ಸಲ ಸಣ್ಣ ಅನುಮಾನ ಹುಟ್ಟಿತು. ಇವನು ನಿಜವಾಗಿ ನೀರು ಬಿಡುವವನಾಗಿದ್ದರೆ ಹೀಗೇಕೆ ಜೋತಾಡುತ್ತಿದ್ದ?

ದೂರದಲ್ಲಿ ಸಂಡೂರಿನ ಟೆಂಪೊ ತಿರುವಿನಲ್ಲಿ ಕಂಡಿತು. ದುರ್ಗಕ್ಕ ರೇಷ್ಮೆ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು.

“ಸರೀರಿ ಅತ್ತಾಗ,” ಎಂದಳು.

ಇಷ್ಟು ವರ್ಷ ದಿನವೂ ಬೆಳಗಿನಿಂದ ಸಂಜೆತನಕ ರೊಟ್ಟಿ ಬಡಿದ ಎರಡು ತೋಳು ಅಡ್ಡಪಟ್ಟಿಯ ಮೇಲೆ ಕೂತವು. ಒಮ್ಮೆ ಉಸಿರು ಎಳೆದುಕೊಂಡು ನೂಕಿದಳು. ನೆಲದೊಳಗೆ ಕಟಕ್ ಎಂದಿತು. ಚಾವಿ ಗರಗರ ತಿರುಗಿತು, ಜೋತುಬಿದ್ದಿದ್ದ ಜಂಬುನಾಥನೂ ಅದರ ಜೊತೆಗೆ ಒಂದು ಸುತ್ತು ತಿರುಗಿ ಗಾದಿಲಿಂಗಪ್ಪನ ಮೇಲೆ ಬಿದ್ದ. ಕೆಳಗೆ ನೀರು ಮೊರೆಯತೊಡಗಿತು. ಕೊಡಗಳೆಲ್ಲ ನಲ್ಲಿಗಳ ಕಡೆ ಹಾರಿದವು.

ಟೆಂಪೊ ಇಳಿದ ಬೀಗರು ಕಂಡದ್ದು ಇಷ್ಟು: ಇಬ್ಬರು ಗಂಡಸರು ಒಬ್ಬರ ಮೇಲೊಬ್ಬರು ಬಿದ್ದಿದ್ದಾರೆ, ಮೂರನೆಯವನು ಅಂಗಿಯ ಗುಂಡಿ ಹುಡುಕುತ್ತಿದ್ದಾನೆ, ನಡುವೆ ಆಳೆತ್ತರದ ಕಬ್ಬಿಣದ ಚಾವಿ ಹಿಡಿದು ಒಬ್ಬ ಹೆಂಗಸು ನಿಂತಿದ್ದಾಳೆ. ಯಾರೀಕೆ ಎಂದು ಹುಡುಗನ ತಂದೆ ಕೇಳಿದರು. ನಿಮ್ಮ ಬೀಗತಿ ಎಂದು ಉತ್ತರ ಬಂತು. ಮಾತುಕತೆಗೆ ಕೂತಾಗ ಕೇಳಬೇಕೆಂದು ಅವರು ಸಂಡೂರಿನಿಂದ ಏನೇನು ಯೋಚಿಸಿಕೊಂಡು ಬಂದಿದ್ದರೋ ತಿಳಿಯದು. ಹುಡುಗಿಯನ್ನು ಕೊಟ್ಟರೆ ಸಾಕು, ಬೇರೇನೂ ಬೇಡ ಎಂದು ಬಹಳ ಮರ್ಯಾದೆಯಿಂದ ಹೇಳಿ ವೀಳ್ಯ ತೆಗೆದುಕೊಂಡರು. ಊಟ ಸ್ವಲ್ಪ ತಡವಾಯಿತು. ಆದರೆ ಎಣ್ಣೆಗಾಯಿ ತಿಂದವರು ತಡವಾದದ್ದನ್ನು ಮರೆತರು. ಎಂಜಿನಿಯರು ಎರಡು ಹೋಳಿಗೆ ಹೆಚ್ಚು ತಿಂದರು. ಜಂಬುನಾಥ ಕುಂಟುತ್ತಾ ಪಂಕ್ತಿಯ ಕೊನೆಯವರೆಗೆ ನೀರು ಬಡಿಸಿದ.

ಮರುದಿನ ಅವನು ಹಾರ್ನು ಇಳಿಸಿ ಅಟ್ಟಕ್ಕೆ ಹಾಕಿದ. ಬಸ್ಸಿಳಿದರೆ ಈಗ ಯಾರೂ ಕೈ ಮುಗಿಯಲಿಲ್ಲ. ಹೂವಿನವಳ ಮೊಳ ತನ್ನ ಅಳತೆಗೆ ಬಂತು. ಹೊರೆ ಇಳಿದ ಹಗುರವೂ ಇತ್ತು, ಮಿರ್ಚಿಯಿಲ್ಲದ ಸಂಜೆಯ ಸಣ್ಣ ಬೇಸರವೂ ಇತ್ತು.

ಹೀಗೆ ಕೂತಿದ್ದಾಗ ಕೊಟ್ರಯ್ಯ ಮಾಸ್ತರು ಬಂದರು. ಒಗೆದ ಪಂಚೆ, ಸ್ನಾನ ಮಾಡಿದ ಕಳೆ. ವಾಲ್ವ್ ಪೂರ್ತಿ ತೆರೆದದ್ದು ಎಷ್ಟೋ ವರ್ಷಗಳಲ್ಲಿ ಅದೇ ಮೊದಲಂತೆ. ನೀರು ಬಂಡೆಯ ಬುಡದವರೆಗೂ ಹತ್ತಿ, ಅವರ ಮನೆಯ ತೊಟ್ಟಿ ತುಂಬಿ ಚೆಲ್ಲಿತ್ತಂತೆ. ಮಾಸ್ತರು ಕುರ್ಚಿ ಹತ್ತಿರ ಎಳೆದುಕೊಂಡು ದನಿ ತಗ್ಗಿಸಿದರು.

“ಮಂದಿ ಮುಂದ ಆ ವಾಲ್ವಿಗೆ ಜೋತುಬಿದ್ದು ಚಲೋ ನಾಟಕ ಆಡಿದಿ. ಹಂಗ ಮಾಡಲೇಬೇಕಾಗಿತ್ತು ಬಿಡು, ನಾನು ಯಾರಿಗೂ ಹೇಳಂಗಿಲ್ಲ. ನನ್ನ ಮನಿಗೆ ನೀರು ಯಾರು ಬಿಟ್ಟಾರಂತ ನನಗ ಗೊತ್ತೈತಿ. ಇನ್ನ ಆ ಕರೆಂಟಿಂದು ಒಂದೀಟು ನೋಡಪ್ಪಾ, ಸಂಜೀ ಆತಂದ್ರ ಹೋಗ್ತೈತಿ.”

ಜಂಬುನಾಥ ಬಾಯಿ ತೆರೆದ. ಏನು ಹೇಳಿದರೂ ಅದು ತಿರುಗಿ ಎಲ್ಲಿಗೆ ಮುಟ್ಟುತ್ತದೆಂದು ಈಗ ಅವನಿಗೆ ತಿಳಿದಿತ್ತು. ಒಳಗಿನಿಂದ ಭವ್ಯ ಚಹಾ ತಂದು ಮಾಸ್ತರ ಮುಂದಿಟ್ಟಳು.

“ಸರ್, ಇವರು ಆ ಕೆಲಸ ಬಿಟ್ಟಾರ್ರಿ. ಈಗ ಎಲ್ಲಾ ದುರ್ಗಕ್ಕನ ಕೈಯಾಗ ಐತಿ.”

ಮಾಸ್ತರು ಒಂದು ಕ್ಷಣ ಯೋಚಿಸಿದರು. ಅವರ ಕಣ್ಣ ಮುಂದೆ ಆ ತೋಳುಗಳು ಬಂದಿರಬೇಕು. ಹೌದು, ಹೌದು ಎಂದು ತಲೆದೂಗಿ, ಚಹಾವನ್ನು ಒಂದೇ ಗುಟುಕಿಗೆ ಮುಗಿಸಿ, ಚಪ್ಪಲಿ ಮೆಟ್ಟಿ ಬೀದಿ ದಾಟಿದರು. ದುರ್ಗಕ್ಕನ ಬಾಗಿಲಲ್ಲಿ ನಿಂತು ಕೈ ಮುಗಿದದ್ದು ಜಂಬುನಾಥನಿಗೆ ಕಿಟಕಿಯಲ್ಲಿ ಚೆನ್ನಾಗಿ ಕಂಡಿತು.